ಅಪ್‌ಡೇಟ್: ಕಾಕಾನ ಜಿಎಸ್‌ಟಿ ನಂಬರ್ ವಾಪಸ್ ಬಂತು

ಹೋದ ತಿಂಗಳು ಕೇಳಿದ್ದೆನಲ್ಲ, ಕಲಬುರಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಕಾಕಾ 8 ತಿಂಗಳು ಜಿಎಸ್‌ಟಿ ರಿಟರ್ನ್ ಹಾಕಿಲ್ಲ, ನೋಂದಣಿಯೇ ರದ್ದಾಗಿದೆ ಅಂತ. ಕೆಲಸ ಮುಗೀತು.

ಬಿಲ್ಲುಗಳೆಲ್ಲ ವೆಲ್ಡಿಂಗ್ ರಾಡಿನ ಖಾಲಿ ಡಬ್ಬಿಯಲ್ಲಿದ್ದವು. ಅರ್ಧಕ್ಕರ್ಧ ಕಿಡಿ ಬಿದ್ದು ತೂತು! ಪಾಸ್‌ಬುಕ್ ಇಟ್ಟುಕೊಂಡು ಎರಡು ರಾತ್ರಿ ಹೊಂದಿಸಿದೆವು. ವ್ಯಾಪಾರವೇ ಇಲ್ಲದ 3 ತಿಂಗಳಿಗೆ ದಿನಕ್ಕೆ 20 ರೂಪಾಯಿ ಲೇಟ್ ಫೀ, ಆದರೆ ರಿಟರ್ನಿಗೆ 500 ದಾಟುವುದಿಲ್ಲ. ಉಳಿದ 5ಕ್ಕೆ ದಿನಕ್ಕೆ 50. ವಹಿವಾಟು ಒಂದೂವರೆ ಕೋಟಿಯೊಳಗೆ ಇರುವುದರಿಂದ ಅದೂ 2,000ಕ್ಕೆ ನಿಂತಿತು. ಒಟ್ಟು 11,500, ಮೇಲೆ ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಲಕ್ಷಗಟ್ಟಲೆ ಆಗುತ್ತೆ ಅಂತ ಕಾಕಾ ಸುಮ್ನೆ ಹೆದರಿ ಕೂತಿದ್ದರು.

ರದ್ದಾದ 90 ದಿನದೊಳಗೆ ಅರ್ಜಿ ಹಾಕಬೇಕು. ನಾವು ಹಾಕಿದ್ದು 81ನೇ ದಿನ! ನಿನ್ನೆ ಆದೇಶ ಬಂತು. ಡಬ್ಬಿ ಮಾತ್ರ ಇನ್ನೂ ಅಲ್ಲೇ ಇದೆ.