ಶಿಜುತಾನಿಯ ಶಾಲೆಯನ್ನು ‘ಮಠ’ ಎನ್ನಬಹುದೇ?

ಜಪಾನಿನ ಒಕಾಯಾಮಾ ಪ್ರಾಂತದಲ್ಲಿ, ಬಿಜೆನ್ ಊರಿನ ಗುಡ್ಡಗಳ ನಡುವೆ ಶಿಜುತಾನಿ ಎಂಬ ಹಳೆಯ ಶಾಲೆಯಿದೆ. ಅಲ್ಲಿಗೆ ಹೋಗಿ ಬಂದದ್ದನ್ನು ಬರೆಯಲು ಕುಳಿತವನು ಮೊದಲ ವಾಕ್ಯದಲ್ಲೇ ಪದ ಸಿಗದೆ ನಿಂತಿದ್ದೇನೆ. ‘ಕನ್‌ಫ್ಯೂಷಿಯಸ್ ಶಾಲೆ’ ಎಂದರೆ ಚೀನಾದ ಆ ಪ್ರಾಚೀನ ಗುರುವೇ ಕಟ್ಟಿಸಿದ್ದೆಂದು ಓದುಗರು ತಿಳಿದಾರು. ಕಟ್ಟಿಸಿದವನು ಅಲ್ಲಿನ ದೊರೆ ಇಕೆದಾ ಮಿತ್ಸುಮಾಸಾ, 1670ರಲ್ಲಿ, ಮುಖ್ಯವಾಗಿ ಸಾಮಾನ್ಯ ಜನರ ಮಕ್ಕಳಿಗಾಗಿ. ಅಲ್ಲಿ ರೈತರ ಮಕ್ಕಳೂ ಕನ್‌ಫ್ಯೂಷಿಯಸನ ಮಾತುಗಳನ್ನು ಓದಿದರು.

‘ಗುರುಕುಲ’ ಹೊಂದುವುದಿಲ್ಲ, ಅದು ಗುರುವಿನ ಮನೆಯಲ್ಲಿದ್ದು ಕಲಿಯುವ ಕ್ರಮ. ಇಲ್ಲಿ ಹುಡುಗರ ವಸತಿಯೇ ಬೇರೆ ಇತ್ತು. ಅಲ್ಲಿ ಬೆಂಕಿ ಬಿದ್ದರೆ ಪಾಠದ ಚಾವಡಿಗೆ ಹಬ್ಬದಿರಲೆಂದು ನಡುವೆ ಒಂದು ದಿಬ್ಬವನ್ನೇ ಎಬ್ಬಿಸಿದ್ದಾರೆ! ನಮ್ಮ ಹಳೆಯ ವಿದ್ಯಾಕೇಂದ್ರಗಳ ಹೆಸರಾದ ‘ಘಟಿಕಾಸ್ಥಾನ’, ‘ಅಗ್ರಹಾರ’ ಘನವಾದ ಪದಗಳು, ಆದರೆ ರೈತನ ಮಗ ಅಕ್ಷರ ತಿದ್ದಿದ ಜಾಗಗಳಲ್ಲ.

ನನ್ನ ಮನಸ್ಸು ‘ಮಠ’ದ ಕಡೆಗೆ ವಾಲುತ್ತಿದೆ. ಸರ್ಕಾರಿ ಶಾಲೆ ಬರುವ ಮುಂಚೆ ನಮ್ಮ ಹಳ್ಳಿಯ ಹುಡುಗರು ಓದಿದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಬೆರಳಾಡಿಸಿ, ಐಗಳ ಎದುರು. ಶಿಜುತಾನಿಯ ಚಾವಡಿ 1701ರದು. ಅದರ ಮರದ ನೆಲ ಎಷ್ಟು ನುಣುಪೆಂದರೆ ಕಿಟಕಿಗಳ ಜ್ವಾಲೆಯಾಕಾರದ ಕಮಾನುಗಳು ಅದರಲ್ಲಿ ತಲೆಕೆಳಗಾಗಿ ಮೂಡಿರುತ್ತವೆ. ಆ ನೆಲದ ಅಂಚಿನಲ್ಲಿ ನಿಂತಾಗ ನನಗೆ ನೆನಪಾದದ್ದು ಐಗಳ ಮರಳೇ. ಕೂಲಿಮಠಕ್ಕೆ ದೊರೆಯ ಆಸರೆ ಇರಲಿಲ್ಲ, ಶಿಜುತಾನಿಗೆ ಉಂಬಳಿಯಂಥ ಜಮೀನಿತ್ತು ಎಂಬ ವ್ಯತ್ಯಾಸ ನಿಜ. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಂದು ‘ಮಠ’ ಎಂದ ಕೂಡಲೇ ಕಾವಿ, ಪೀಠಗಳೇ ಕಣ್ಣ ಮುಂದೆ ಬರುತ್ತವೆ.

ಇನ್ನೊಂದು ಪದವೂ ಬೇಕಾಗಿದೆ. ಆವರಣದ ಏರಿನಲ್ಲಿ ಕನ್‌ಫ್ಯೂಷಿಯಸನ ‘ಸೇಬ್ಯೋ’, ಅಂದರೆ ಅವನ ಗುಡಿ, ಇದೆ. ದೊರೆಯ ಗುಡಿ ಅದರ ಪಕ್ಕದಲ್ಲೇ, ಆದರೆ ತುಸು ತಗ್ಗಿನಲ್ಲಿ. ಕಟ್ಟಿಸಿದವನಿಗಿಂತ ಗುರು ಎತ್ತರದಲ್ಲಿರುವುದನ್ನು ಕಂಡು ಬಹಳ ಹೊತ್ತು ಅಲ್ಲಿಯೇ ನಿಂತೆ. ಸೇಬ್ಯೋವನ್ನು ‘ಗದ್ದುಗೆ’ ಎನ್ನುವ ಆಸೆಯಾಯಿತು. ಆದರೆ ಗದ್ದುಗೆ ಎಂದರೆ ಸಮಾಧಿಯೆಂದು ತಿಳಿಯುತ್ತಾರೆ, ಅವನ ಸಮಾಧಿಯಿರುವುದು ಚೀನಾದ ಚೂಫುವಿನಲ್ಲಿ. 1915ರಲ್ಲಿ ಅಲ್ಲಿಂದ ತಂದ ಬೀಜದ ಎರಡು ಮರಗಳು ಮಾತ್ರ ಇಲ್ಲಿ ಸೇಬ್ಯೋದ ಮುಂದಿವೆ.

ನಿಮ್ಮ ಕಡೆಯ ಹಿರಿಯರು ಶಾಲೆಗೆ ಸೇರಿಸಿದ್ದನ್ನು ‘ಮಠಕ್ಕೆ ಹಾಕಿದರು’ ಎಂದು ಈಗಲೂ ಹೇಳುತ್ತಾರೆಯೇ? ಯಾವ ಸೀಮೆಯಲ್ಲಿ? ಬಳಕೆ ಉಳಿದಿದ್ದರೆ ಧೈರ್ಯವಾಗಿ ಹಾಗೆಯೇ ಬರೆಯುತ್ತೇನೆ. ಸೇಬ್ಯೋಗೆ ‘ಗುರುಮಂದಿರ’ಕ್ಕಿಂತ ಒಳ್ಳೆಯ ಪದ ಹೊಳೆದರೆ ಅದನ್ನೂ ತಿಳಿಸಿ.