ಸಹಾಯ ಬೇಕು: ಕಪ್ಪತಗುಡ್ಡದ ಒರತೆಗಳ ನೆನಪಿರುವ ಹಿರಿಯರು

ಗದಗದಲ್ಲಿ ಭೂಗೋಳದ ಸ್ನಾತಕೋತ್ತರ ವಿದ್ಯಾರ್ಥಿ ನಾನು; ಕಿರುಪ್ರಬಂಧಕ್ಕೆ ಕಪ್ಪತಗುಡ್ಡವನ್ನು ಆರಿಸಿಕೊಂಡಿದ್ದೇನೆ. ಪರ್ವತ ಅಧ್ಯಯನವೆಂದರೆ ಬರೀ ಕಲ್ಲು ಎಣಿಸುವುದಲ್ಲ. 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಸೊ ಪರ್ವತ ಏರಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಎತ್ತರ, ಹವೆ, ಸಸ್ಯಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿದ. ಈಗ ಅದಕ್ಕೆ ಕುರಿಗಾಹಿಯ ದಾರಿಯೂ ನಾಟಿ ವೈದ್ಯರ ಬುಟ್ಟಿಯೂ ಸೇರಿವೆ. ನಮ್ಮ ಗುಡ್ಡದಲ್ಲಂತೂ ಅದಿರು, ಔಷಧಿ ಸಸ್ಯ, ಗಾಳಿಯಂತ್ರ ಎಲ್ಲವೂ ಒತ್ತೊತ್ತಾಗಿವೆ. 2019ರಲ್ಲಿ ವನ್ಯಜೀವಿಧಾಮವೂ ಆಯಿತು.

ಕಲ್ಲು, ಗಿಡಗಳ ಮಾಹಿತಿ ಸಿಕ್ಕಿದೆ. ಸಿಗದಿರುವುದು ನೀರಿನದು. ಡೋಣಿ, ಡಂಬಳ, ಶಿರಹಟ್ಟಿ ಕಡೆಯ ಹಿರಿಯರು ಯಾರಾದರೂ ಹಳೆಯ ಒರತೆ, ಹಳ್ಳಗಳು ಯಾವ ತಿಂಗಳವರೆಗೆ ಹರಿಯುತ್ತಿದ್ದವು ಎಂದು ಹೇಳಬಲ್ಲರೇ? ಮಳೆ ಬರೆದಿಟ್ಟ ಡೈರಿ ಇದ್ದರಂತೂ ನನ್ನ ಭಾಗ್ಯ. (ನಮ್ಮ ಅಜ್ಜ ಬರೆದದ್ದನ್ನು ಗೆದ್ದಲು ಓದಿ ಮುಗಿಸಿದೆ.) ಭಾನುವಾರ ಬೈಕಿನಲ್ಲಿ ನಾನೇ ಬರುತ್ತೇನೆ, ಇಲ್ಲಿಯೇ ತಿಳಿಸಿ.