ಕ್ಯಾಮೆಲಿಯಾ ಮೊಗ್ಗುಗಳು ಅರಳದೆ ಉದುರುತ್ತಿವೆ

ಪ್ರಶ್ನೆ: ಕುಂಡದಲ್ಲಿ ಬೆಳೆಸಿರುವ ನನ್ನ ಕ್ಯಾಮೆಲಿಯಾ ಜಪೋನಿಕಾ ಈ ಬಾರಿ ಮೈತುಂಬ ಮೊಗ್ಗು ಕಟ್ಟಿತ್ತು. ಆದರೆ ಬಟಾಣಿ ಗಾತ್ರಕ್ಕೆ ಬಂದೊಡನೆ ಮೊಗ್ಗುಗಳ ತುದಿ ಕಂದಿ, ಬೆರಳು ತಾಗಿದರೂ ಕಳಚಿ ಬೀಳುತ್ತಿವೆ. ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿದ್ದು, ಉಳಿದ ಭಾಗ ಹಳದಿಯಾಗಿದೆ. ಕಾರಣವೇನಿರಬಹುದು?

ಉತ್ತರ 1: ಮೊಗ್ಗು ಉದುರಲು ಬಹುತೇಕ ನೀರಿನ ಏರುಪೇರೇ ಕಾರಣ. ಮುಂದಿನ ಹಂಗಾಮಿನ ಮೊಗ್ಗುಗಳು ಬೇಸಿಗೆಯಲ್ಲೇ ರೂಪುಗೊಳ್ಳುವುದರಿಂದ, ಆಗ ಮಣ್ಣು ಕೆಲವೇ ದಿನ ಒಣಗಿದ್ದರೂ ಅದರ ಪರಿಣಾಮ ತಿಂಗಳುಗಳ ನಂತರ ಕಾಣಿಸುತ್ತದೆ. ಬೇರುಗಳು ಮೇಲ್ಪದರದಲ್ಲೇ ಹರಡುವ ಕಾರಣ, ಕಾಂಡಕ್ಕೆ ತಾಗದಂತೆ 5 ಸೆಂಟಿಮೀಟರ್ ದಪ್ಪ ತೊಗಟೆಯ ಚೂರು ಅಥವಾ ಎಲೆಗೊಬ್ಬರವನ್ನು ಹರಡಿರಿ. ಹಾಗೆಂದು ಬುಡದಲ್ಲಿ ನೀರು ನಿಲ್ಲಿಸಬೇಡಿ. ಅದರಿಂದ ಬೇರು ಕೊಳೆಯುತ್ತದೆ.

ಉತ್ತರ 2: ಎಲೆಯ ಹಳದಿ ಬೇರೆಯೇ ವಿಷಯ. ಚಹಾ ಗಿಡವೂ ಇದೇ ಕುಲಕ್ಕೆ ಸೇರಿದ್ದು, ಎರಡಕ್ಕೂ ಆಮ್ಲೀಯ ಮಣ್ಣೇ ಬೇಕು. ರಸಸಾರ (ಮಣ್ಣಿನ ಆಮ್ಲೀಯತೆಯ ಅಳತೆ, pH) 5.5ರಿಂದ 6.5ರೊಳಗಿದ್ದರೆ ಒಳ್ಳೆಯದು, ಸುಣ್ಣದಂಶವಿರುವ ಗಡಸು ನೀರನ್ನೇ ಹಾಕುತ್ತಿದ್ದರೆ ರಸಸಾರ ಏರಿ, ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರುಗಳು ಹೀರಲಾರವು. ಸಾಧ್ಯವಾದಷ್ಟು ಮಳೆನೀರನ್ನೇ ಬಳಸಿ. ಬೂದಿಯನ್ನಂತೂ ಖಂಡಿತ ಹಾಕಬೇಡಿ.

ಉತ್ತರ 3: ಸವರುವುದಿದ್ದರೆ ಹೂವು ಮುಗಿದ ಕೂಡಲೇ ಸವರಿರಿ, ತಡವಾದರೆ ಮುಂದಿನ ಮೊಗ್ಗುಗಳನ್ನೇ ಕತ್ತರಿಸಿದಂತಾಗುತ್ತದೆ. ಕುಂಡ ಬದಲಿಸುವಾಗ ಬೇರುಗಂಟಿನ ಮೇಲ್ಭಾಗ ಮಣ್ಣಿನ ಮಟ್ಟಕ್ಕೇ ಇರಲಿ. ಆಳಕ್ಕೆ ಹೂತ ಗಿಡ ವರ್ಷಗಟ್ಟಲೆ ಸೊರಗುವುದನ್ನು ನಾನೇ ನೋಡಿ ನೊಂದಿದ್ದೇನೆ.